ಅಚ್ಚುಮೊಳೆಗಳನ್ನು ಮಕ್ಕಳ ಕೈಗಿತ್ತ ಅಧ್ಯಾಪಕ: ಸೆಲೆಸ್ತಾನ್ ಫ್ರೆನೆ

ನಮ್ಮ ಶಾಲೆಯ ಬಾಗಿಲು ಮೊದಲ ಬಾರಿಗೆ ತೆರೆದ ದಶಕದಲ್ಲಿಯೇ ಫ್ರಾನ್ಸ್ ದೇಶದ ಗುಡ್ಡಗಾಡಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲಾ ಅಧ್ಯಾಪಕರೊಬ್ಬರು ತಮ್ಮ ತರಗತಿಗೆ ಪುಟ್ಟ ಮುದ್ರಣಯಂತ್ರವೊಂದನ್ನು ತಂದಿರಿಸಿದರು. ತರಗತಿಯಲ್ಲಿ ತಂತ್ರಜ್ಞಾನ, ಯೋಜನಾಧಾರಿತ ಕಲಿಕೆ ಎಂಬ ಮಾತುಗಳು ಇಂದು ಪ್ರತಿಯೊಂದು ಅಧ್ಯಾಪಕ ತರಬೇತಿಯಲ್ಲೂ ಕೇಳಿಬರುತ್ತವೆ. ಇವು ತೀರ ಹೊಸವೆಂದು ನಾವು ತಿಳಿಯುವುದುಂಟು. ಆ ಅಧ್ಯಾಪಕರ ಬದುಕನ್ನು ಓದಿದಾಗ ಆ ಭ್ರಮೆ ಹರಿಯುತ್ತದೆ. ಶತಮಾನೋತ್ಸವದ ಈ ಸಂಚಿಕೆಯಲ್ಲಿ ಅವರನ್ನು ನೆನೆಯುವುದು ಉಚಿತವೆಂದು ಭಾವಿಸಿದ್ದೇವೆ.

ಸೆಲೆಸ್ತಾನ್ ಫ್ರೆನೆ ಅವರು 1896ರ ಅಕ್ಟೋಬರ್ 15ರಂದು ಫ್ರಾನ್ಸಿನ ಆಗ್ನೇಯ ಭಾಗದ ಗಾರ್ ಎಂಬ ಬೆಟ್ಟದ ಹಳ್ಳಿಯಲ್ಲಿ ರೈತಾಪಿ ಮನೆತನದಲ್ಲಿ ಜನಿಸಿದರು. ನೀಸ್ ಪಟ್ಟಣದಲ್ಲಿ ಅಧ್ಯಾಪಕ ಶಿಕ್ಷಣ ಪಡೆಯುತ್ತಿದ್ದಾಗಲೇ ಮೊದಲ ಮಹಾಯುದ್ಧ ಅವರನ್ನು ರಣರಂಗಕ್ಕೆ ಕರೆದೊಯ್ದಿತು. 1917ರಲ್ಲಿ ಗುಂಡು ಅವರ ಶ್ವಾಸಕೋಶವನ್ನು ಹೊಕ್ಕಿತು. ದೀರ್ಘಕಾಲ ಆಸ್ಪತ್ರೆಯಲ್ಲಿದ್ದು ಬದುಕುಳಿದರಾದರೂ ಉಸಿರಿನ ಬಲ ಮೊದಲಿನಂತಾಗಲಿಲ್ಲ.

1920ರ ಜನವರಿಯಲ್ಲಿ ಅವರು ಬಾರ್-ಸ್ಯುರ್-ಲೂ ಎಂಬ ಹಳ್ಳಿಯ ಶಾಲೆಗೆ ಬಂದರು. ತಾಸುಗಟ್ಟಲೆ ಏರುದನಿಯಲ್ಲಿ ಪಾಠ ಹೇಳುವುದು ಗಾಯಗೊಂಡ ಅವರ ಶ್ವಾಸಕೋಶಕ್ಕೆ ಸಾಧ್ಯವಿರಲಿಲ್ಲ. ಬೇರೊಬ್ಬರಾಗಿದ್ದರೆ ವೃತ್ತಿಯನ್ನೇ ತೊರೆಯುತ್ತಿದ್ದರೇನೋ. ಅವರು ಮಕ್ಕಳನ್ನು ಕರೆದುಕೊಂಡು ಹೊರಗೆ ನಡೆದರು. ಹೊಲ, ತೊರೆ, ಕಮ್ಮಾರನ ಕುಲುಮೆ, ಬಡಗಿಯ ಕೊಟ್ಟಿಗೆಗಳೇ ಪಾಠದ ಮನೆಗಳಾದವು. ಮರಳಿ ಬರುವಾಗ ಮಕ್ಕಳ ಬಾಯಲ್ಲಿ ಮಾತು ತುಂಬಿರುತ್ತಿತ್ತು. ಆದರೆ ಪಠ್ಯಪುಸ್ತಕ ತೆರೆದೊಡನೆ ಆ ಉತ್ಸಾಹ ಆರಿಹೋಗುತ್ತಿತ್ತು. ಕಂಡದ್ದೊಂದು, ಓದಬೇಕಾದದ್ದು ಇನ್ನೊಂದು. ಈ ಕಂದಕವನ್ನು ದಾಟುವುದು ಹೇಗೆಂಬ ಚಿಂತೆ ಅವರನ್ನು ಕಾಡಿತು.

ಅದಕ್ಕೆ ಅವರು ಕಂಡುಕೊಂಡ ಉತ್ತರವೇ 1924ರಲ್ಲಿ ತರಗತಿಗೆ ಬಂದ ಅಚ್ಚಿನ ಯಂತ್ರ. ಮಕ್ಕಳು ತಮಗೆ ತೋಚಿದ್ದನ್ನು ಬರೆಯುತ್ತಿದ್ದರು, ತರಗತಿಯ ಮುಂದೆ ಓದುತ್ತಿದ್ದರು. ಯಾವುದು ಅಚ್ಚಾಗಬೇಕೆಂದು ಮಕ್ಕಳೇ ಆರಿಸುತ್ತಿದ್ದರು. ಆರಿಸಿದ ಬರಹವನ್ನು ಎಲ್ಲರೂ ಕೂಡಿ ತಿದ್ದಿ, ಒಂದೊಂದೇ ಮೊಳೆಯನ್ನು ಹೆಕ್ಕಿ ಸಾಲುಗಳಲ್ಲಿ ಜೋಡಿಸಿ, ಮಸಿ ಬಳಿದು, ಹಾಳೆಗೆ ಒತ್ತುತ್ತಿದ್ದರು. ಒಂದು ಅಕ್ಷರ ತಪ್ಪಿದರೆ ಪ್ರತಿಯೊಂದು ಹಾಳೆಯಲ್ಲೂ ಆ ತಪ್ಪು ಎದ್ದು ಕಾಣುತ್ತಿತ್ತು. ಹೀಗಾಗಿ ಕಾಗುಣಿತದ ಶಿಸ್ತು ಅಧ್ಯಾಪಕರ ಗದರಿಕೆಯಿಂದಲ್ಲ, ಕೆಲಸದಿಂದಲೇ ಬಂದಿತು. ಹಾಳೆಗಳೆಲ್ಲ ಸೇರಿ ತರಗತಿಯ ಬದುಕಿನ ಪುಸ್ತಕವಾಯಿತು. ಓದಲು ಕಲಿಯುವ ಮಕ್ಕಳಿಗೆ ಅದೇ ಪಠ್ಯವೂ ಆಯಿತು.

ಬರೆದದ್ದಕ್ಕೆ ಓದುಗರು ಬೇಕಲ್ಲವೇ? ದೇಶದ ಇನ್ನೊಂದು ತುದಿಯಲ್ಲಿ, ಅಟ್ಲಾಂಟಿಕ್ ಕಡಲ ತಡಿಯ ತ್ರೆಗಂಕ್ ಎಂಬ ಊರಿನಲ್ಲಿ ರೆನೆ ದಾನಿಯೆಲ್ ಎಂಬ ಅಧ್ಯಾಪಕರಿದ್ದರು. ಎರಡು ಶಾಲೆಗಳ ನಡುವೆ ಅಚ್ಚಾದ ಹಾಳೆಗಳೂ ಕಾಗದಗಳೂ ಓಡಾಡತೊಡಗಿದವು. ಬೆಟ್ಟದ ಮಕ್ಕಳು ಕಡಲನ್ನು ಕೇಳಿ ತಿಳಿದರು, ಕಡಲಿನ ಮಕ್ಕಳು ಬೆಟ್ಟವನ್ನು. ತಮ್ಮ ಊರಿನ ಬಗೆಗೆ ದೂರದ ಗೆಳೆಯರು ಪ್ರಶ್ನೆ ಕೇಳಿದಾಗ ಉತ್ತರಕ್ಕಾಗಿ ಹಿರಿಯರಲ್ಲಿ ವಿಚಾರಿಸಬೇಕಾಯಿತು, ಅಳೆಯಬೇಕಾಯಿತು, ಲೆಕ್ಕ ಹಾಕಬೇಕಾಯಿತು. ಭೂಗೋಳ, ಗಣಿತ, ಭಾಷೆ ಒಂದೇ ಕೆಲಸದೊಳಗೆ ಕೂಡಿಕೊಂಡವು. 1927ರಲ್ಲಿ ತೂರ್ ನಗರದಲ್ಲಿ ಇಂತಹ ಅಧ್ಯಾಪಕರ ಮೊದಲ ಸಮ್ಮೇಳನವೂ ನಡೆಯಿತು.

ಮಕ್ಕಳಿಗೆ ಮಾತು ಕೊಟ್ಟವರು ಅದರ ಬೆಲೆಯನ್ನೂ ತೆರಬೇಕಾಯಿತು. 1928ರಲ್ಲಿ ಸೇಂಟ್ ಪಾಲ್ ಎಂಬ ಊರಿಗೆ ಬಂದ ಅವರ ಎಡಪಂಥೀಯ ವಿಚಾರಗಳನ್ನು ಸಹಿಸದವರು ಅಲ್ಲಿದ್ದರು. ಮಗುವೊಂದು ತನ್ನ ಕನಸನ್ನು ಬರೆದಿತ್ತು; ಅದರಲ್ಲಿ ಮೇಯರನ ಕೊಲೆಯ ಪ್ರಸಂಗವಿತ್ತು. ವಿರೋಧಿಗಳು 1932ರಲ್ಲಿ ಅದನ್ನೇ ಭಿತ್ತಿಪತ್ರವಾಗಿಸಿ ಊರಿನ ಗೋಡೆಗಳಿಗೆ ಅಂಟಿಸಿದರು. ಗಲಭೆ ಬೆಳೆದು 1933ರಲ್ಲಿ ಅವರು ಆ ಶಾಲೆಯನ್ನು ಬಿಡಬೇಕಾಯಿತು. ಚಿತ್ರಕಲಾವಿದೆಯಾಗಿದ್ದ ಪತ್ನಿ ಎಲೀಸ್ ಅವರೊಡನೆ ವಾಂಸ್ ಎಂಬಲ್ಲಿ 1935ರಲ್ಲಿ ಸ್ವಂತ ಶಾಲೆಯನ್ನು ತೆರೆದರು. ಸ್ಪೇನಿನ ಅಂತರ್ಯುದ್ಧದಿಂದ ನಿರಾಶ್ರಿತರಾದ ಮಕ್ಕಳಿಗೂ ಅಲ್ಲಿ ಆಶ್ರಯ ದೊರೆಯಿತು. 1940ರಲ್ಲಿ ಸರಕಾರ ಅವರನ್ನು ಬಂಧಿಸಿ ಶಿಬಿರದಲ್ಲಿರಿಸಿತು, ಮರುವರ್ಷ ಬಿಡುಗಡೆಯಾಯಿತು. ಯುದ್ಧಾನಂತರ ಶಾಲೆಯನ್ನು ಮತ್ತೆ ಕಟ್ಟಿದರು. 1966ರ ಅಕ್ಟೋಬರ್ 8ರಂದು ವಾಂಸ್‌ನಲ್ಲಿಯೇ ಕಣ್ಮುಚ್ಚಿದರು. ಆ ಶಾಲೆ ಇಂದು ಸರಕಾರಿ ಶಾಲೆಯಾಗಿ ನಡೆಯುತ್ತಿದೆ.

ಈ ಬದುಕಿನ ಕನ್ನಡಿಯಲ್ಲಿ ನಾವು ನಮ್ಮ ಮುಖವನ್ನೂ ನೋಡಿಕೊಳ್ಳಬೇಕಾಗಿದೆ. ನಮ್ಮ ಶಾಲೆಗೆ ಕಂಪ್ಯೂಟರ್ ಬಂದಾಗ ನಾವು ಮಾಡಿದ ಮೊದಲ ಕೆಲಸ ಅದಕ್ಕೆ ಬಟ್ಟೆ ಹೊದಿಸಿ ಕೋಣೆಗೆ ಬೀಗ ಹಾಕಿದ್ದು. ಆಮೇಲೆ ಪ್ರೊಜೆಕ್ಟರ್ ಬಂದಿತು. ಮಕ್ಕಳು ಕೈಕಟ್ಟಿ ಕುಳಿತು ನೋಡಿದರು. ಪ್ರೊಜೆಕ್ಟ್ ಎಂದರೆ ರಾತ್ರಿ ತಂದೆತಾಯಿಯರು ನಿದ್ದೆಗೆಟ್ಟು ಥರ್ಮೋಕೋಲಿನಲ್ಲಿ ಮಾಡಿಕೊಡುವ ಮಾದರಿ ಎಂದಾಯಿತು. ತಪ್ಪು ನಮ್ಮದೇ.

ಕೆಲವು ವರ್ಷಗಳ ಹಿಂದೆ ನಾಲ್ಕನೆಯ ತರಗತಿಯ ಮಕ್ಕಳನ್ನು ತಮ್ಮ ಮನೆಗಳ ಸುರಂಗಗಳ ಬಗೆಗೆ ಬರೆಯಲು ಹೇಳಿದೆವು. ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು ನೀರು ತರುವ ಈ ವಿದ್ಯೆ ನಮ್ಮ ಕಾಸರಗೋಡಿನ ಹೆಮ್ಮೆ. ಮಕ್ಕಳು ಅಜ್ಜಂದಿರನ್ನು ಕೇಳಿದರು, ಹಗ್ಗದಿಂದ ಅಳೆದರು. ಮನೆಯಲ್ಲಿ ತುಳು, ಮಲಯಾಳ, ಮರಾಠಿ ಆಡುವ ಮಕ್ಕಳು ಕೇಳಿದ್ದನ್ನು ಕನ್ನಡದಲ್ಲಿ ತಾವೇ ಟೈಪು ಮಾಡಿದರು. ಒತ್ತಕ್ಷರ ಎಲ್ಲಿದೆಯೆಂದು ಹುಡುಕುತ್ತ ಅರ್ಧ ಗಂಟೆಯಲ್ಲಿ ಎರಡು ಸಾಲು ಮುಗಿಸಿದವರಿದ್ದರು. ಆದರೆ ಮುದ್ರಿತ ಹಾಳೆಯಲ್ಲಿ ತನ್ನ ಅಜ್ಜನ ಮಾತನ್ನು ಕಂಡ ಮಗುವಿನ ಮುಖದಲ್ಲಿ, ಫ್ರೆನೆಯವರು ಅಚ್ಚುಮೊಳೆಗಳಲ್ಲಿ ಏನನ್ನು ಕಂಡಿದ್ದರೆಂಬುದು ನಮಗೆ ಅರ್ಥವಾಯಿತು. ಗಡಿನಾಡಿನಲ್ಲಿ ಕನ್ನಡ ಉಳಿಯುವುದು ಮಕ್ಕಳು ಅದನ್ನು ನೋಡುವುದರಿಂದಲ್ಲ, ಅದರಿಂದ ಏನನ್ನಾದರೂ ಮಾಡುವುದರಿಂದ.

ಶಾಲೆಗೆ ಯಂತ್ರೋಪಕರಣಗಳನ್ನು ನೀಡಿದ ಹಳೆ ವಿದ್ಯಾರ್ಥಿಗಳಿಗೆ ನಾವು ಋಣಿಗಳು. ಇನ್ನೊಂದು ಕೊಡುಗೆಯನ್ನೂ ವಿನಯದಿಂದ ಬೇಡುತ್ತೇವೆ. ಮಕ್ಕಳ ಹಾಳೆಗಳು ನಿಮ್ಮ ಕೈ ಸೇರಿದಾಗ ಓದಿ, ಎರಡು ಸಾಲು ಉತ್ತರ ಬರೆಯಿರಿ, ಒಂದು ಪ್ರಶ್ನೆ ಕೇಳಿರಿ. ಆ ಬೆಟ್ಟದ ಮಕ್ಕಳಿಗೆ ಕಡಲ ತಡಿಯ ಗೆಳೆಯರಿದ್ದರು. ನಮ್ಮ ಮಕ್ಕಳಿಗೆ ನೀವಿದ್ದೀರಿ.