ರಾಬರ್ಟ್ ನೋಯ್ಸ್

ಉಡುಪಿಯ ಸಮೀಪದ ಅಂಬಲಪಾಡಿಯಲ್ಲಿ ಯಕ್ಷಗಾನ ಬಯಲಾಟವನ್ನು ಕಂಡವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಕಿರೀಟ ಧರಿಸಿ ಕುಣಿಯುವವರು ವೇಷಧಾರಿಗಳು; ಆಟವನ್ನು ನಡೆಸುವವರು ವೇಷವಿಲ್ಲದ ಭಾಗವತರು. ಕಲಾವಿದನ ಶಕ್ತಿಯನ್ನು ಅರಿತು ಪದವೆತ್ತುವ ಭಾಗವತರಿದ್ದರೆ ಎಳೆಯ ವೇಷಧಾರಿಯೂ ರಂಗದಲ್ಲಿ ಬೆಳಗುತ್ತಾನೆ. ವಿಜ್ಞಾನ ಮತ್ತು ಉದ್ಯಮಗಳ ರಂಗಸ್ಥಳದಲ್ಲಿ ಇಂತಹ ಭಾಗವತಿಕೆಯನ್ನು ನಿರ್ವಹಿಸಿದವರಲ್ಲಿ ಅಮೆರಿಕದ ರಾಬರ್ಟ್ ನೋಯ್ಸ್ ಒಬ್ಬರು.

ನೋಯ್ಸ್ ಅವರು ಜನಿಸಿದ್ದು ೧೯೨೭ರ ಡಿಸೆಂಬರ್ ೧೨ರಂದು, ಅಯೋವಾ ಸಂಸ್ಥಾನದ ಬರ್ಲಿಂಗ್ಟನ್ ಎಂಬ ಊರಿನಲ್ಲಿ. ತಂದೆ ಕ್ರೈಸ್ತ ಪಾದ್ರಿಗಳು. ನಾಲ್ವರು ಗಂಡುಮಕ್ಕಳ ಆ ಮನೆಯಲ್ಲಿ ಸಿರಿತನವಿರಲಿಲ್ಲ. ಗ್ರಿನೆಲ್ ಎಂಬ ಪುಟ್ಟ ಊರಿನಲ್ಲಿ ಬೆಳೆದ ಬಾಲಕ ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣನೊಡನೆ ಸೇರಿ ಎಂಜಿನ್ ಇಲ್ಲದ ಗಾಳಿವಿಮಾನವೊಂದನ್ನು ಕಟ್ಟಿ, ಮಾಡಿನ ಮೇಲಿಂದ ಹಾರಿಸುವ ಸಾಹಸ ಮಾಡಿದ್ದನು.

ಗ್ರಿನೆಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ೧೯೪೮ರಲ್ಲಿ ಒಂದು ಅಚಾತುರ್ಯ ನಡೆಯಿತು. ವಿದ್ಯಾರ್ಥಿನಿಲಯದ ಔತಣಕ್ಕಾಗಿ ನೋಯ್ಸ್ ಮತ್ತು ಅವರ ಗೆಳೆಯ ಒಬ್ಬ ರೈತನ ಹಂದಿಯನ್ನು ಕದ್ದರು. ಮರುದಿನ ಪಶ್ಚಾತ್ತಾಪಪಟ್ಟು, ತಾವಾಗಿಯೇ ಹೋಗಿ ತಪ್ಪನ್ನು ಒಪ್ಪಿಕೊಂಡು ಬೆಲೆ ತೆರಲು ಮುಂದಾದರು. ಆದರೆ ಆ ರೈತ ಊರಿನ ಮೇಯರ್. ಬೇಸಾಯವನ್ನೇ ನಂಬಿದ ಆ ನಾಡಿನಲ್ಲಿ ಜಾನುವಾರುಗಳ ಕಳವು ಘೋರ ಅಪರಾಧ. ಭೌತಶಾಸ್ತ್ರದ ಅಧ್ಯಾಪಕರಾದ ಗ್ರ್ಯಾಂಟ್ ಗೇಲ್ ಅವರೂ ಕಾಲೇಜಿನ ಮುಖ್ಯಸ್ಥರೂ ನಡುವೆ ಬಂದು ಶಿಷ್ಯನ ಪರವಾಗಿ ಬೇಡಿಕೊಂಡರು. ಶಿಕ್ಷೆ ಒಂದು ಅವಧಿಯ ಅಮಾನತಿಗೆ ಮುಗಿಯಿತು. ಮರಳಿ ಬಂದ ಶಿಷ್ಯನಿಗೆ ಗೇಲ್ ಅವರು, ಆಗತಾನೇ ಬೆಳಕಿಗೆ ಬಂದಿದ್ದ ಟ್ರಾನ್ಸಿಸ್ಟರಿನ ಮರ್ಮವನ್ನು ಬೋಧಿಸಿದರು. ತಪ್ಪಿದ ಹುಡುಗನನ್ನು ಗುರು ಕೈಬಿಡದಿದ್ದುದರಿಂದ ಒಬ್ಬ ವಿಜ್ಞಾನಿ ಲೋಕಕ್ಕೆ ದೊರೆತನು.

೧೯೫೩ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಿಂದ ಡಾಕ್ಟರೇಟ್ ಪಡೆದ ನೋಯ್ಸ್, ೧೯೫೬ರಲ್ಲಿ ವಿಲಿಯಂ ಶಾಕ್ಲಿಯವರ ಪ್ರಯೋಗಶಾಲೆಯನ್ನು ಸೇರಿದರು. ಶಾಕ್ಲಿ ಟ್ರಾನ್ಸಿಸ್ಟರಿನ ನಿರ್ಮಾತೃಗಳಲ್ಲಿ ಒಬ್ಬರು; ಅದೇ ವರ್ಷ ನೊಬೆಲ್ ಪ್ರಶಸ್ತಿಗೆ ಪಾತ್ರರಾದವರು. ಅಲ್ಲಿ ಅಧ್ಯಯನದ ವಸ್ತು ಅರೆವಾಹಕ. ತಾಮ್ರದಂತೆ ವಿದ್ಯುತ್ತನ್ನು ಸರಾಗವಾಗಿ ಹರಿಯಬಿಡದ, ಗಾಜಿನಂತೆ ಪೂರ್ಣವಾಗಿ ತಡೆಯಲೂ ಒಲ್ಲದ ಸಿಲಿಕಾನಿನಂತಹ ಪದಾರ್ಥಕ್ಕೆ ಆ ಹೆಸರು. ಒಮ್ಮೆ ನೋಯ್ಸ್ ಅವರು ಹೊಸ ಬಗೆಯ ಡಯೋಡಿನ ಕಲ್ಪನೆಯನ್ನು ಬರೆದು ಶಾಕ್ಲಿಯವರ ಮುಂದಿಟ್ಟರು. ಶಾಕ್ಲಿ ಆಸಕ್ತಿ ತೋರಲಿಲ್ಲ; ನೋಯ್ಸ್ ಅದನ್ನು ಬದಿಗಿಟ್ಟರು. ಅಂತಹ ಡಯೋಡನ್ನು ಜಪಾನಿನ ಲಿಯೋ ಎಸಾಕಿ ಸ್ವತಂತ್ರವಾಗಿ ಕಂಡುಹಿಡಿದು ೧೯೫೮ರಲ್ಲಿ ಪ್ರಕಟಿಸಿದರು. ೧೯೭೩ರಲ್ಲಿ ನೊಬೆಲ್ ಪ್ರಶಸ್ತಿಯನ್ನೂ ಪಡೆದರು.

ಶಾಕ್ಲಿಯವರ ಪಾಂಡಿತ್ಯ ಅಗಾಧ. ಆದರೆ ಜೊತೆಗಾರರಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ಸುಳ್ಳು ಪತ್ತೆಹಚ್ಚುವ ಯಂತ್ರದ ಪರೀಕ್ಷೆಗೆ ಒಳಪಡಿಸುವವರೆಗೂ ಅವರ ಸಂಶಯ ಬೆಳೆಯಿತು. ೧೯೫೭ರಲ್ಲಿ ಎಂಟು ಮಂದಿ ತರುಣರು ಒಟ್ಟಾಗಿ ಹೊರನಡೆದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಎಂಬ ಸಂಸ್ಥೆಯನ್ನು ಕಟ್ಟಿದರು. ಕೊನೆಯವರಾಗಿ ಗುಂಪನ್ನು ಸೇರಿದ ನೋಯ್ಸ್ ಅವರೇ ಅದರ ಮುಂದಾಳುವಾದರು.

ಆಗ ಎಂಜಿನಿಯರುಗಳನ್ನು ಕಾಡುತ್ತಿದ್ದ ಸಮಸ್ಯೆಯೊಂದಿತ್ತು. ಟ್ರಾನ್ಸಿಸ್ಟರುಗಳನ್ನು ಒಂದೊಂದಾಗಿ ತಯಾರಿಸಿ, ಅವುಗಳ ತಂತಿಗಳನ್ನು ಕೈಯಿಂದಲೇ ಬೆಸೆಯಬೇಕಾಗಿತ್ತು. ಸಾವಿರ ಬೆಸುಗೆಗಳಲ್ಲಿ ಒಂದು ಬಿಟ್ಟರೂ ಯಂತ್ರ ಕೆಡುತ್ತಿತ್ತು. ಎಂಟು ಮಂದಿಯಲ್ಲಿ ಒಬ್ಬರಾದ ಜೀನ್ ಹೋರ್ನಿ, ಸಿಲಿಕಾನಿನ ಮೇಲೆ ಆಕ್ಸೈಡಿನ ರಕ್ಷಾಪದರವನ್ನು ಉಳಿಸಿಕೊಳ್ಳುವ ವಿಧಾನವನ್ನು ರೂಪಿಸಿದರು. ಆ ಪದರದ ಮೇಲೆಯೇ ಅಲ್ಯೂಮಿನಿಯಮ್ಮಿನ ಸಣ್ಣ ಗೆರೆಗಳನ್ನು ಹಾಯಿಸಿದರೆ ತಂತಿಗಳ ಬೆಸುಗೆಯೇ ಬೇಡವೆಂದು ೧೯೫೯ರಲ್ಲಿ ನೋಯ್ಸ್ ಅವರಿಗೆ ಹೊಳೆಯಿತು. ಹೀಗೆ ಒಂದೇ ಬಿಲ್ಲೆಯಲ್ಲಿ ಹಲವು ಭಾಗಗಳನ್ನು ಅಡಗಿಸುವ ಸಂಯೋಜಿತ ಮಂಡಲ ರೂಪುಗೊಂಡಿತು. ಜೇ ಲಾಸ್ಟ್ ಅವರ ತಂಡ ೧೯೬೦ರಲ್ಲಿ ಅದನ್ನು ಕೈಗೂಡಿಸಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಜ್ಯಾಕ್ ಕಿಲ್ಬಿ ೧೯೫೮ರಲ್ಲಿಯೇ ಬೇರೊಂದು ಬಗೆಯಲ್ಲಿ ಇಂತಹ ಮಂಡಲವನ್ನು ನಿರ್ಮಿಸಿದ್ದರು. ಹಕ್ಕಿಗಾಗಿ ಕಂಪನಿಗಳು ವ್ಯಾಜ್ಯ ಹೂಡಿದವು. ಲೋಕವಾದರೋ ಇಬ್ಬರನ್ನೂ ಗೌರವಿಸಿತು. ೧೯೬೭ರಲ್ಲಿ ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಸಂಯೋಜಿತ ಮಂಡಲಗಳ ತಯಾರಿಕೆಗೆ ತೊಡಗಿತು.

೧೯೬೮ರಲ್ಲಿ ನೋಯ್ಸ್ ಮತ್ತು ಗಾರ್ಡನ್ ಮೂರ್ ಸೇರಿ ಇಂಟೆಲ್ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ಮೇಲಧಿಕಾರಿಗೆಂದು ಪ್ರತ್ಯೇಕ ವೈಭವವಿರಲಿಲ್ಲ. ಗೀರುಬಿದ್ದ ಹಳೆಯ ಮೇಜೇ ನೋಯ್ಸ್ ಅವರ ಪೀಠ. ಜಪಾನಿನ ಕಂಪನಿಯೊಂದು ಲೆಕ್ಕದ ಯಂತ್ರಕ್ಕಾಗಿ ಹಲವು ಬಿಲ್ಲೆಗಳನ್ನು ಮಾಡಿಕೊಡಲು ಕೇಳಿದಾಗ, ಟೆಡ್ ಹಾಫ್ ಎಂಬ ತರುಣ ಎಂಜಿನಿಯರ್ ಎಲ್ಲ ಬಗೆಯ ಲೆಕ್ಕಕ್ಕೂ ಒದಗುವ ಒಂದೇ ಬಿಲ್ಲೆಯನ್ನು ಕಲ್ಪಿಸಿದರು. ಕೇಳಿದ್ದಷ್ಟನ್ನೇ ಮಾಡಿಕೊಡು ಎಂದು ನೋಯ್ಸ್ ಗದರಿಸಬಹುದಾಗಿತ್ತು. ತಮ್ಮ ಕಲ್ಪನೆಯೊಂದು ಹಿರಿಯರ ಉಪೇಕ್ಷೆಯಿಂದ ಮುದುಡಿದ್ದನ್ನು ಕಂಡಿದ್ದ ಅವರು ಹಾಗೆ ಮಾಡಲಿಲ್ಲ, ಮುಂದುವರಿಯುವಂತೆ ಹುರಿದುಂಬಿಸಿದರು. ಹಾಫ್, ಸ್ಟ್ಯಾನ್ ಮೇಜರ್, ಫೆಡೆರಿಕೊ ಫಾಜಿನ್ ಮತ್ತು ಜಪಾನಿನ ಮಸಾತೋಶಿ ಶೀಮಾ ಇವರ ಕೂಡುದುಡಿಮೆಯಿಂದ ೧೯೭೧ರಲ್ಲಿ ೨೩೦೦ ಟ್ರಾನ್ಸಿಸ್ಟರುಗಳ ೪೦೦೪ ಎಂಬ ಮೈಕ್ರೊಪ್ರೊಸೆಸರ್ ಹೊರಬಂದಿತು. ಗಣಕಯಂತ್ರವು ಮನೆಮನೆಗೂ ಬರಲು ದಾರಿ ತೆರೆಯಿತು.

ನೋಯ್ಸ್ ಅವರಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ಯಾರ ಮನಸ್ಸನ್ನೂ ನೋಯಿಸಲಾರದ ಅವರಿಗೆ ನಿಷ್ಠುರದ ನಿರ್ಧಾರ ಕಠಿಣವಾಗಿತ್ತು. ಆ ಹೊಣೆಯನ್ನು ಹೊತ್ತವರು ಅವರ ಜೊತೆಗಾರ ಆ್ಯಂಡಿ ಗ್ರೋವ್. ಒಬ್ಬನಲ್ಲಿ ಇಲ್ಲದ್ದನ್ನು ಇನ್ನೊಬ್ಬನು ತುಂಬುವುದೇ ಅಲ್ಲವೇ ತಂಡದ ಸಾರ್ಥಕತೆ?

೧೯೮೮ರಲ್ಲಿ ಅಮೆರಿಕದ ಅರೆವಾಹಕ ಕಂಪನಿಗಳ ಒಕ್ಕೂಟವಾದ ಸೆಮಾಟೆಕ್‌ನ ನೇತೃತ್ವ ವಹಿಸಿದ ನೋಯ್ಸ್, ೧೯೯೦ರ ಜೂನ್ ೩ರಂದು ಹೃದಯಾಘಾತದಿಂದ ನಿಧನರಾದರು. ಆಗ ಅವರಿಗೆ ೬೨ ವರ್ಷ. ೨೦೦೦ದಲ್ಲಿ ಕಿಲ್ಬಿಯವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಅಗಲಿದ ನೋಯ್ಸ್ ಅವರ ಪಾಲನ್ನು ಕಿಲ್ಬಿ ಆಗಲೂ ಮರೆಯದೆ ನೆನೆದರು. ವಿಜ್ಞಾನ ಮತ್ತು ಗಣಿತಗಳ ಅಧ್ಯಾಪಕರಾಗಬಯಸುವವರಿಗೆ ಅಮೆರಿಕದ ಸರಕಾರ ನೀಡುವ ವಿದ್ಯಾರ್ಥಿವೇತನಕ್ಕೆ ನೋಯ್ಸ್ ಅವರ ಹೆಸರನ್ನು ಇಡಲಾಯಿತು. ಗ್ರ್ಯಾಂಟ್ ಗೇಲ್ ಅವರಂತಹ ಗುರುವಿನ ಶಿಷ್ಯನಿಗೆ ಇದಕ್ಕಿಂತ ಒಪ್ಪುವ ಸ್ಮಾರಕ ಬೇರೊಂದಿಲ್ಲ.