ಡ್ರಿಫೀಲ್ಡಿನ ಮುದ್ರಕ ಬೆಂಜಮಿನ್ ಫಾಸೆಟ್

ನಮ್ಮ ಬಾಂದ್ರಾದ ರಾನವಾರ, ಚಿಂಬಯಿ ಮೊದಲಾದ ಹಳೆಯ ಕೇರಿಗಳಲ್ಲಿ ನಡೆದಾಡುವವರು ಮರದ ಕಟಕಟೆಯ ಜಗಲಿ, ಹೊರಗಡೆಯಿಂದಲೇ ಏರುವ ಮೆಟ್ಟಿಲು, ಹೆಂಚಿನ ಇಳಿಮಾಡು ಇವುಗಳಿಂದ ಕೂಡಿದ ಮನೆಗಳನ್ನು ಅಲ್ಲಲ್ಲಿ ಇನ್ನೂ ಕಾಣಬಹುದು. ಆ ಮಾಡಿಗೆ ಹೊದಿಸಿದ ಹೆಂಚು ಎಷ್ಟೋ ಕಡೆ ನಮ್ಮ ಮಂಗಳೂರಿನಿಂದ ಹಡಗಿನಲ್ಲಿ ಬಂದದ್ದು. ಇಂಥ ಮನೆಗಳು ವರ್ಷವರ್ಷಕ್ಕೂ ಕಡಿಮೆಯಾಗುತ್ತಿವೆ. ಒಂದು ಉರುಳಿದ ಸ್ಥಳದಲ್ಲಿ ಹತ್ತಂತಸ್ತಿನ ಕಟ್ಟಡವು ಏಳುತ್ತದೆ. ಮನೆಯು ಬಿದ್ದ ಮೇಲೆ ಅದರ ರೂಪವು ಯಾರಾದರೂ ಚಿತ್ರವನ್ನು ಬರೆದಿಟ್ಟಿದ್ದರೆ ಮಾತ್ರ ಉಳಿಯುತ್ತದೆ. ಇಂಗ್ಲೆಂಡಿನ ಗ್ರಾಮಾಂತರದ ಮಹಾಗೃಹಗಳಿಗೆ ಅಂತಹ ಭಾಗ್ಯವು ದೊರಕಿತು. ಅದನ್ನು ದೊರಕಿಸಿದವನು ಲಂಡನ್ನಿನ ದೊಡ್ಡ ಮುದ್ರಣಾಲಯದ ಒಡೆಯನಲ್ಲ. ಯಾರ್ಕ್‌ಷೈರಿನ ಒಂದು ಸಣ್ಣ ಸಂತೆಯೂರಿನ ಅಚ್ಚುಕೂಟದವನು. ಅವನ ಚರಿತ್ರೆಯನ್ನು ನಾವು ಇಲ್ಲಿ ಸ್ವಲ್ಪದರಲ್ಲಿ ಹೇಳಲಿದ್ದೇವೆ.

ಬೆಂಜಮಿನ್ ಫಾಸೆಟ್ಟನು 1808ನೆಯ ಇಸವಿಯ ಡಿಸೆಂಬರಿನಲ್ಲಿ ಬ್ರಿಡ್ಲಿಂಗ್ಟನ್ ಎಂಬ ಕಡಲತೀರದ ಊರಿನಲ್ಲಿ ಜನಿಸಿದನು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನನ್ನು ಅದೇ ಊರಿನ ಪುಸ್ತಕ ವ್ಯಾಪಾರಿಯೂ ಮುದ್ರಕನೂ ಆದ ವಿಲಿಯಂ ಫೋರ್ತ್ ಎಂಬವನಲ್ಲಿ ಕೆಲಸ ಕಲಿಯಲು ಬಿಟ್ಟರು. ಇಂದು ಹದಿನಾಲ್ಕು ವರ್ಷದ ಬಾಲಕನು ಎಂಟನೆಯ ಇಲ್ಲವೆ ಒಂಬತ್ತನೆಯ ತರಗತಿಯಲ್ಲಿರುತ್ತಾನೆ. ಆ ಕಾಲದ ಇಂಗ್ಲೆಂಡಿನಲ್ಲಿ ಕಸುಬಿನ ಕಲಿಕೆಯೆಂದರೆ ಏಳು ವರ್ಷಗಳ ಕರಾರು. ಯಜಮಾನನ ಮಾತಿನಂತೆ ನಡೆಯಬೇಕು, ಅವಧಿಯು ಮುಗಿಯುವ ತನಕ ಬಿಟ್ಟುಹೋಗುವಂತಿಲ್ಲ. ಫಾಸೆಟ್ಟನು ಆ ಏಳು ವರ್ಷಗಳನ್ನು ಕಳೆದು, 1831ರಲ್ಲಿ, ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಒಳನಾಡಿನ ಡ್ರಿಫೀಲ್ಡ್ ಎಂಬ ಊರಿಗೆ ಬಂದು ಸ್ವಂತ ಅಂಗಡಿಯನ್ನು ತೆರೆದನು. ಅಲ್ಲಿಂದ ಮುಂದೆ ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಅವನ ಬಾಳು ಆ ಊರಿನಲ್ಲಿಯೇ ನಡೆಯಿತು.

ಡ್ರಿಫೀಲ್ಡ್ ಧಾನ್ಯದ ವ್ಯಾಪಾರದ ಊರು. ಅದಕ್ಕೊಂದು ಕಾಲುವೆ, ಕಾಲುವೆಯಲ್ಲಿ ದೋಣಿಗಳ ಓಡಾಟ. 1846ರಲ್ಲಿ ಊರಿಗೆ ರೈಲು ಬಂದಿತು. ರೈಲು ಬಾರದೆ ಇದ್ದಿದ್ದರೆ ಈ ಕಥೆಯೂ ಇರುತ್ತಿರಲಿಲ್ಲವೇನೋ ಎಂದು ನಮಗೆ ತೋರುತ್ತದೆ. ಹಳ್ಳಿಯ ಕಡೆ ಅಚ್ಚಾದ ಹಾಳೆಗಳನ್ನು ಲಂಡನ್ನಿನ ಪ್ರಕಾಶಕರಿಗೆ ತಿಂಗಳು ತಿಂಗಳೂ ತಪ್ಪದೆ ತಲುಪಿಸಲು ಅದಕ್ಕಿಂತ ತಕ್ಕ ಸಾಧನವು ಬೇರೊಂದಿರಲಿಲ್ಲ.

ಫಾಸೆಟ್ಟನ ವಿದ್ಯೆ ಯಾವುದು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ನಾವೆಲ್ಲರೂ ಕೆಳಗಿನ ತರಗತಿಗಳಲ್ಲಿ ಬೆಂಡೆಕಾಯಿಯನ್ನೋ ಆಲೂಗಡ್ಡೆಯನ್ನೋ ಅಡ್ಡಲಾಗಿ ಕೊಯ್ದು, ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿದವರೇ. ಉಬ್ಬಿದ ಭಾಗವು ಬಣ್ಣವನ್ನು ಹಿಡಿಯುತ್ತದೆ, ತಗ್ಗಾದ ಭಾಗವು ಬಿಳಿಯಾಗಿ ಉಳಿಯುತ್ತದೆ. ಮರದ ಅಚ್ಚಿನ ತತ್ತ್ವವೂ ಇಷ್ಟೇ. ಆದರೆ ಹಲಗೆಯನ್ನು ಉದ್ದಕ್ಕೆ ಸೀಳಿ ಅದರ ಮೇಲೆ ಕೆತ್ತಿದರೆ ನಾರಿನ ಎಳೆಗಳು ಉಳಿಗೆ ಅಡ್ಡಬರುತ್ತವೆ. ಸೂಕ್ಷ್ಮವಾದ ಗೆರೆಯು ಮುರಿಯುತ್ತದೆ. ಆದುದರಿಂದ ಬಾಕ್ಸ್ ಎಂಬ ಬಹು ಗಟ್ಟಿಯಾದ ಮರವನ್ನು, ನಾವು ಬೆಂಡೆಕಾಯಿಯನ್ನು ಕೊಯ್ದಂತೆಯೇ, ಅಡ್ಡಲಾಗಿ ಕೊಯ್ದು, ಆ ಮುಖವನ್ನು ನುಣುಪುಮಾಡಿ, ಚೂಪಾದ ಸಣ್ಣ ಉಳಿಯಿಂದ ಕೆತ್ತುವ ಪದ್ಧತಿಯು ಬೆಳೆಯಿತು. ಇದಕ್ಕೆ ಹೆಚ್ಚಿನ ಕೀರ್ತಿಯನ್ನು ತಂದವನು ಉತ್ತರ ಇಂಗ್ಲೆಂಡಿನ ಥಾಮಸ್ ಬ್ಯೂಯಿಕ್ (1753–1828). ಕೂದಲೆಳೆಯಂಥ ಗೆರೆಗಳನ್ನೂ ಈ ಅಚ್ಚು ತಾಳಿಕೊಳ್ಳುತ್ತದೆ. ಅಷ್ಟೇ ಅಲ್ಲ, ಅಚ್ಚಿನ ಎತ್ತರವು ಅಕ್ಷರದ ಮೊಳೆಗಳ ಎತ್ತರಕ್ಕೆ ಸಮನಾಗಿರುವುದರಿಂದ ಚಿತ್ರವನ್ನೂ ಮಾತನ್ನೂ ಒಂದೇ ಬಾರಿಗೆ ಮುದ್ರಿಸಬಹುದು. ಬಾಕ್ಸ್ ಮರದ ಕಾಂಡವು ಸಣ್ಣದು; ದೊಡ್ಡ ಚಿತ್ರ ಬೇಕಾದರೆ ಹಲವು ತುಂಡುಗಳನ್ನು ಸಂದು ಕಾಣದಂತೆ ಜೋಡಿಸಬೇಕಾಗುತ್ತಿತ್ತು.

ಇದು ಕಪ್ಪುಬಿಳಿ ಚಿತ್ರದ ಮಾತಾಯಿತು. ಬಣ್ಣದ ಚಿತ್ರಕ್ಕೆ ಒಂದೊಂದು ಬಣ್ಣಕ್ಕೂ ಒಂದೊಂದು ಪ್ರತ್ಯೇಕ ಅಚ್ಚನ್ನು ಕೆತ್ತಬೇಕು. ಹುಲ್ಲಿಗೆ, ಆಕಾಶಕ್ಕೆ, ಇಟ್ಟಿಗೆಯ ಗೋಡೆಗೆ, ನೆರಳಿಗೆ ಬೇರೆ ಬೇರೆ. ಒಂದೇ ಹಾಳೆಯು ಯಂತ್ರದ ಕೆಳಗೆ ಮತ್ತೆ ಮತ್ತೆ ಹೋಗಬೇಕು. ಪ್ರತಿಸಾರಿಯೂ ಹಿಂದಿನ ಬಣ್ಣವು ಒಣಗಿರಬೇಕು. ಹಾಳೆಯು ಒಂದು ನೂಲಿನಷ್ಟು ಪಕ್ಕಕ್ಕೆ ಸರಿದರೂ ಕಿಟಕಿಯು ಗೋಡೆಯನ್ನು ಬಿಟ್ಟು ಆಚೆಗೆ ಹೋಗುತ್ತದೆ! ಹಳದಿಯ ಮೇಲೆ ನೀಲಿಯ ಸಣ್ಣ ಗೆರೆಗಳನ್ನು ಒತ್ತಿ ಹಸಿರನ್ನು ಹುಟ್ಟಿಸುವುದು, ಗೆರೆಗಳನ್ನು ಒತ್ತೊತ್ತಾಗಿ ಅಥವಾ ವಿರಳವಾಗಿ ಕೆತ್ತಿ ಬಣ್ಣವನ್ನು ಗಾಢವಾಗಿಸುವುದು, ತಿಳಿಯಾಗಿಸುವುದು, ಇವೆಲ್ಲ ಲೆಕ್ಕ ಹಾಕಿ ಮಾಡಬೇಕಾದ ಕೆಲಸ. ಇದರ ಮೇಲೆ ಚಿತ್ರವನ್ನು ಅಚ್ಚಿನಲ್ಲಿ ಎಡಬಲ ಅದಲುಬದಲಾಗಿ ಕೆತ್ತಬೇಕೆಂಬುದನ್ನೂ ಸೇರಿಸಿಕೊಳ್ಳಿರಿ.

ಫಾಸೆಟ್ಟನ ಬಾಳಿಗೆ ತಿರುವನ್ನು ತಂದವರು ಫ್ರಾನ್ಸಿಸ್ ಓರ್ಪೆನ್ ಮಾರಿಸ್ ಎಂಬ ಪಾದ್ರಿಗಳು. ಅವರು 1844ರಲ್ಲಿ ಡ್ರಿಫೀಲ್ಡಿಗೆ ಹತ್ತಿರದ ನಾಫರ್ಟನ್ ಎಂಬ ಹಳ್ಳಿಗೆ ಗುರುಗಳಾಗಿ ಬಂದರು. ಹಕ್ಕಿ, ಚಿಟ್ಟೆ, ಹುಳಹುಪ್ಪಟೆಗಳ ಮೇಲೆ ಅವರಿಗೆ ಅಪಾರ ಪ್ರೀತಿ. ಬರೆಯುವ ಹುಮ್ಮಸ್ಸು ಪಾದ್ರಿಗಳಲ್ಲಿತ್ತು, ಮುದ್ರಿಸುವ ಕೈ ಫಾಸೆಟ್ಟನಲ್ಲಿತ್ತು. ಇವರಿಬ್ಬರ ಕೂಟದಿಂದ ಹೊರಬಂದ ಬ್ರಿಟಿಷ್ ಹಕ್ಕಿಗಳ ಚರಿತ್ರೆಯು 1850ರಲ್ಲಿ ಆರಂಭವಾಗಿ, ಬಿಡಿ ಸಂಚಿಕೆಗಳಾಗಿ ಹೊರಬರುತ್ತ, 1857ರಲ್ಲಿ ಆರು ಸಂಪುಟಗಳಾಗಿ ಮುಗಿಯಿತು. ಅದರಲ್ಲಿ 350ಕ್ಕೂ ಹೆಚ್ಚು ಚಿತ್ರಗಳು. ಆ ಪುಸ್ತಕದ ಚಿತ್ರಗಳಲ್ಲಿ ಗೆರೆಗಳು ಮಾತ್ರ ಅಚ್ಚಿನವು. ಬಣ್ಣವನ್ನು ಕೈಯಿಂದಲೇ ತುಂಬಿದರು. ಊರಿನ ಹೆಂಗಸರು, ಹುಡುಗಿಯರು ಸಾಲಾಗಿ ಕುಳಿತು ಒಂದೊಂದೇ ಹಾಳೆಗೆ ಕುಂಚದಿಂದ ಬಣ್ಣವನ್ನು ಹಚ್ಚುತ್ತಿದ್ದರು. ಸಾವಿರಾರು ರಾಬಿನ್ ಹಕ್ಕಿಗಳ ಎದೆಗೆ ಕೆಂಪನ್ನು ತುಂಬಿದ ಆ ಕೈಗಳ ಒಡತಿಯರ ಹೆಸರುಗಳು ಪುಸ್ತಕದಲ್ಲಿ ಎಲ್ಲಿಯೂ ಬಂದಿಲ್ಲ.

ಮಾರಿಸ್ ಪಾದ್ರಿಗಳ ವಿಷಯವಾಗಿ ಇನ್ನೊಂದು ಮಾತು. ಅವರು ಡಾರ್ವಿನ್ನನ ಸಿದ್ಧಾಂತವನ್ನು ಕಡೆಯವರೆಗೂ ಒಪ್ಪಲಿಲ್ಲ. ಅದರ ವಿರುದ್ಧ ಹಟದಿಂದ ಬರೆದರು. ಈ ವಿಷಯದಲ್ಲಿ ಅವರ ಪಕ್ಷವನ್ನು ಹಿಡಿಯುವುದು ನಮ್ಮಿಂದಾಗದು. ಆದರೆ ಗರಿಗಳಿಗಾಗಿಯೂ ಬರಿಯ ಮೋಜಿಗಾಗಿಯೂ ಹಕ್ಕಿಗಳನ್ನು ಕೊಲ್ಲುವುದನ್ನು ತಡೆಯಲು ಅವರು ಪತ್ರಿಕೆಗಳಿಗೆ ಎಡೆಬಿಡದೆ ಬರೆದುದನ್ನು ನೆನೆಯಬೇಕು. ಫಾಸೆಟ್ಟನ ಹುಟ್ಟೂರಿನ ಬಳಿಯ ಫ್ಲಾಂಬರೋ ಬಂಡೆಗಳಲ್ಲಿ ಕಡಲಹಕ್ಕಿಗಳ ಸಂಹಾರವು ನಡೆಯುತ್ತಿತ್ತು. 1869ರಲ್ಲಿ ಅವುಗಳ ರಕ್ಷಣೆಗಾಗಿ ಕಾನೂನು ಬಂದಿತು.

ಫಾಸೆಟ್ಟನ ಮುದ್ರಣಾಲಯವು ಮೊದಲು ಸಂತೆಯ ಬಯಲಿನ ಬಳಿ ಮಿಡಲ್ ಸ್ಟ್ರೀಟಿನಲ್ಲಿತ್ತು. ಕೆಲಸವು ಹೆಚ್ಚಿದಂತೆ ಈಸ್ಟ್ ಲಾಡ್ಜ್ ಎಂಬ ವಿಶಾಲವಾದ ಸ್ಥಳಕ್ಕೆ ಹೋಯಿತು. ಅಲ್ಲಿ ಅವನ ಬಳಿ ಕೆಲಸ ಕಲಿಯಲು ಸೇರಿದ ಹುಡುಗರಲ್ಲಿ ಒಬ್ಬನು ಅಲೆಗ್ಸಾಂಡರ್ ಫ್ರಾನ್ಸಿಸ್ ಲೈಡನ್ (1836–1917). ಒಂದು ಕಾಲಕ್ಕೆ ಫೋರ್ತನ ಬಳಿ ತಾನಿದ್ದಂತೆಯೇ ಈಗ ಇವನು ತನ್ನ ಬಳಿ. ಆದರೆ ಈ ಹುಡುಗನು ಬರಿಯ ಅಚ್ಚುಗಾರನಾಗಲಿಲ್ಲ; ನೀರ್ಬಣ್ಣದ ಸೊಗಸಾದ ಚಿತ್ರಕಾರನಾಗಿ ಬೆಳೆದನು. ಲೈಡನ್ನನು ಬರೆಯುವುದು, ಫಾಸೆಟ್ಟನು ಅದನ್ನು ಮರಕ್ಕೂ ಮರದಿಂದ ಕಾಗದಕ್ಕೂ ಇಳಿಸುವುದು, ಹೀಗೆ ಕೆಲಸವು ಸಾಗಿತು. ಲೋವೆ ಎಂಬ ವಿದ್ವಾಂಸನ ಜರೀಗಿಡಗಳ ಗ್ರಂಥದ ಎಂಟು ಸಂಪುಟಗಳು 1856ರಿಂದ 1860ರ ಒಳಗೆ ಮುದ್ರಿತವಾದವು. ಕಡಲೂರಿನ ವೈದ್ಯನಾದ ಜೋನಾಥನ್ ಕೌಚನ ಮೀನುಗಳ ಚರಿತ್ರೆಯು 1862ರಿಂದ 1865ರ ವರೆಗೆ ನಾಲ್ಕು ಸಂಪುಟಗಳಾಗಿ ಹೊರಟಿತು. ಕೈಬಣ್ಣವು ಕ್ರಮೇಣ ಹಿಂದೆ ಸರಿದು, ಬಣ್ಣವನ್ನೂ ಅಚ್ಚಿನಿಂದಲೇ ಮೂಡಿಸುವ ವಿದ್ಯೆಯು ಮುಂದೆ ಬಂದಿತು.

ಆಮೇಲೆ ಬಂದದ್ದೇ ಮಹಾಗೃಹಗಳ ಮಾಲೆ. ಬ್ರಿಟನ್ ಮತ್ತು ಐರ್ಲೆಂಡಿನ ಶ್ರೀಮಂತರ ನಿವಾಸಗಳನ್ನು ಒಂದೊಂದಾಗಿ ಚಿತ್ರಿಸಿ, ಪ್ರತಿಯೊಂದಕ್ಕೂ ಮಾರಿಸ್ ಪಾದ್ರಿಗಳಿಂದ ಮನೆತನದ ವೃತ್ತಾಂತವನ್ನು ಬರೆಸಿ, ಸುಮಾರು 1866ರಿಂದ 1880ರ ವರೆಗೆ ಆರು ಸಂಪುಟಗಳಲ್ಲಿ ಹೊರತಂದರು. ಒಟ್ಟು ಚಿತ್ರಗಳು 240. ಚಾಟ್ಸ್‌ವರ್ತಿನಂಥ ಜಗತ್ಪ್ರಸಿದ್ಧ ಸೌಧಗಳೊಡನೆ ನೆರೆಯವರಿಗೆ ಮಾತ್ರ ಗೊತ್ತಿದ್ದ ಮನೆಗಳೂ ಅದರಲ್ಲಿವೆ. ಈ ಚಿತ್ರಗಳಲ್ಲಿ ಒಂದು ವಿಶೇಷವನ್ನು ಕಾಣುತ್ತೇವೆ. ಮನೆಯು ಎಷ್ಟೇ ದೊಡ್ಡದಾದರೂ ಅದು ದೂರದಲ್ಲಿ ಶಾಂತವಾಗಿ ನಿಂತಿರುತ್ತದೆ. ಮುಂದುಗಡೆ ಹುಲ್ಲುಗಾವಲು, ಒಂದೆರಡು ಜಿಂಕೆ ಅಥವಾ ದನ, ಕೊಳದ ನೀರು, ಮರಗಳ ಗುಂಪು. ಆಕಾಶವು ತಿಳಿನೀಲಿಯಿಂದ ಕೆಳಗಿಳಿಯುತ್ತ ಹಳದಿಗೆ ತಿರುಗುತ್ತದೆ. ಇದು ಕುಂಚದ ಕೆಲಸವೆಂದೇ ಕಣ್ಣು ನಂಬುತ್ತದೆ. ಭೂತಗನ್ನಡಿಯನ್ನು ಹಿಡಿದರೆ ಆಕಾಶವೆಲ್ಲ ಗೆರೆಗೆರೆ.

ಇಷ್ಟು ಶಾಂತವಾದ ಮನೆಗಳ ಸಿರಿಯು ಎಲ್ಲಿಂದ ಬಂದಿತೆಂಬುದನ್ನು ಆ ಚಿತ್ರಗಳು ತೋರಿಸುವುದಿಲ್ಲ. ಯಾರ್ಕ್‌ಷೈರಿನ ಹೇರ್‌ವುಡ್ ಮಹಲಿನ ಹಿಂದೆ ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳ ಗುಲಾಮರ ಬೆವರಿತ್ತು. ವೇಲ್ಸ್ ಸೀಮೆಯ ಪೋವಿಸ್ ಕೋಟೆಯಲ್ಲಿ ನಮ್ಮ ಟಿಪ್ಪು ಸುಲ್ತಾನನ ಹೂಚಿತ್ರದ ಗುಡಾರವು ಇಂದಿಗೂ ಇದೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದಾಗ ಮದರಾಸಿನ ಗವರ್ನರನಾಗಿದ್ದವನು ರಾಬರ್ಟ್ ಕ್ಲೈವನ ಮಗ. ಅವನ ಹೆಂಡತಿ ಪೋವಿಸ್ ಮನೆತನದವಳು. ಗುಡಾರವು ಕಾವೇರಿಯ ತೀರದಿಂದ ಅಲ್ಲಿಗೆ ಹೋದ ದಾರಿ ಇದು. ಫಾಸೆಟ್ಟನಾದರೋ ಮನೆಗಳ ಒಡೆಯನಲ್ಲ, ಅವರ ವಂದಿಮಾಗಧನೂ ಅಲ್ಲ. ಅವನು ಕೂಲಿಯ ಲೆಕ್ಕದಲ್ಲಿ ದುಡಿದ ಕುಶಲಕರ್ಮಿ. ಅವನ ಗಮನವೆಲ್ಲ ಬಣ್ಣದ ಮೇಲೆ ಬಣ್ಣವು ಸರಿಯಾಗಿ ಕೂಡುವುದರ ಮೇಲೆ.

ಆ ಕಾಲದಲ್ಲಿ ಬಣ್ಣದ ಮುದ್ರಣದಲ್ಲಿ ಹೆಸರು ಮಾಡಿದ ಉಳಿದವರು ಲಂಡನ್ನಿನಲ್ಲಿದ್ದರು. ಜಾರ್ಜ್ ಬ್ಯಾಕ್ಸ್ಟರನು 1835ರಲ್ಲಿಯೇ ತನ್ನ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದು, ಬಹು ಖ್ಯಾತಿಯನ್ನು ಗಳಿಸಿ, ಕಡೆಗೆ ದಿವಾಳಿಯೆದ್ದನು. ಎಡ್ಮಂಡ್ ಇವಾನ್ಸನು ಮಕ್ಕಳ ಪುಸ್ತಕಗಳಿಂದ ಪ್ರಸಿದ್ಧನಾದನು. ಫಾಸೆಟ್ಟನು ಡ್ರಿಫೀಲ್ಡನ್ನು ಬಿಡಲಿಲ್ಲ. ಇದರಿಂದ ಅವನಿಗೆ ಆದ ನಷ್ಟವೂ ಸಣ್ಣದಲ್ಲ. ಪುಸ್ತಕಗಳ ಮೇಲೆ ಲೇಖಕರ ಹೆಸರು ಮೆರೆಯಿತು, ಪ್ರಕಾಶಕರ ಹೆಸರು ಮೆರೆಯಿತು. ಜನರ ಬಾಯಲ್ಲಿ ಅವು ಮಾರಿಸರ ಹಕ್ಕಿಗಳು, ಮಾರಿಸರ ಮನೆಗಳು ಎಂದೇ ಉಳಿದವು. ಚಿತ್ರವನ್ನು ಬರೆದ ಲೈಡನ್ನನನ್ನೂ ಅಚ್ಚನ್ನು ಕಡೆದ ಫಾಸೆಟ್ಟನನ್ನೂ ಕೇಳುವವರು ಕಡಿಮೆ. ಇದನ್ನು ನಾವು ಅನ್ಯಾಯವೆಂದೇ ಎಣಿಸುತ್ತೇವೆ.

ಲೈಡನ್ನನು 1883ರಲ್ಲಿ ಡ್ರಿಫೀಲ್ಡನ್ನು ಬಿಟ್ಟು ಲಂಡನ್ನಿಗೆ ಹೋದನು. ಗುರುವಿಗೆ ಆಗ ಎಪ್ಪತ್ತೈದು ವರ್ಷ ಸಮೀಪಿಸಿತ್ತು. ಆದರೂ ಕೆಲಸವು ನಿಲ್ಲಲಿಲ್ಲ. ಪಂಜರದ ಗಿಳಿಗಳನ್ನು ಕುರಿತ ಗ್ರೀನನ ಮೂರು ಸಂಪುಟಗಳ ಚಿತ್ರಗಳು 1884ರಿಂದ 1887ರ ವರೆಗೆ ಅವನ ಯಂತ್ರದಿಂದಲೇ ಹೊರಬಂದವು. ಅಷ್ಟರಲ್ಲಿ ಛಾಯಾಚಿತ್ರದಿಂದ ನೇರವಾಗಿ ಲೋಹದ ಅಚ್ಚನ್ನು ಮಾಡುವ ಉಪಾಯವು ಹಬ್ಬುತ್ತಿತ್ತು. ವಾರಗಟ್ಟಲೆ ಕುಳಿತು ಕೆತ್ತುವ ಕೈಗೆ ಪ್ರತಿಯಾಗಿ ಆಮ್ಲವು ಕೆಲವು ಗಂಟೆಗಳಲ್ಲಿ ಕೊರೆದುಬಿಡುತ್ತಿತ್ತು. ಇತ್ತ ಕಲ್ಲಚ್ಚಿನ ಬಣ್ಣದ ಮುದ್ರಣವೂ ಅಗ್ಗವಾಗಿತ್ತು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವು 1843ರಲ್ಲಿ ಅಚ್ಚಾದದ್ದೂ ಕಲ್ಲಿನ ಮೇಲೆಯೇ ಎಂಬುದನ್ನು ನಮ್ಮ ಓದುಗರು ನೆನಪಿಟ್ಟುಕೊಳ್ಳಬಹುದು.

ಆ ಮನೆಗಳಿಗೂ ಕಾಲವು ಬಂದಿತು. ಎರಡು ಮಹಾಯುದ್ಧಗಳು, ಏರಿದ ತೆರಿಗೆ, ಆಳುಕಾಳುಗಳ ಅಭಾವ ಇವುಗಳಿಂದ ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಇಂಥ ನೂರಾರು ಸೌಧಗಳು ನೆಲಸಮವಾದವು. ಸ್ಟಾಫರ್ಡ್‌ಷೈರಿನ ಟ್ರೆಂಟಮ್ ಮಹಲಿನ ಬಹುಭಾಗವನ್ನು 1912ರ ಸುಮಾರಿಗೆ ಕೆಡವಿದರು. ನಾಟಿಂಗಮ್ ಸೀಮೆಯ ಕ್ಲಂಬರ್ ಮಹಲು 1938ರಲ್ಲಿ ಹೋಯಿತು. ಫಾಸೆಟ್ಟನ ಸಂಪುಟಗಳಿಗೆ ಬೇರೊಂದು ವಿಪತ್ತು. ಹಳೆಯ ಚಿತ್ರಗಳ ವ್ಯಾಪಾರಿಗಳು ಹಾಳೆಗಳನ್ನು ಕತ್ತರಿಸಿ ಬಿಡಿಬಿಡಿಯಾಗಿ ಚೌಕಟ್ಟು ಹಾಕಿ ಮಾರಿದರು. ಪುಸ್ತಕವು ಹೋಯಿತು, ಚಿತ್ರಗಳು ದೇಶದೇಶಗಳ ಗೋಡೆಗಳನ್ನು ಸೇರಿದವು.

ಬೆಂಜಮಿನ್ ಫಾಸೆಟ್ಟನು 1893ರ ಜನವರಿಯಲ್ಲಿ, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು. ಸುಮಾರು ಐವತ್ತು ವರ್ಷಗಳ ಜೊತೆಗಾರರಾದ ಮಾರಿಸ್ ಪಾದ್ರಿಗಳು ಮರುತಿಂಗಳು, ಫೆಬ್ರವರಿ 10ರಂದು, ಅವನನ್ನು ಹಿಂಬಾಲಿಸಿದರು. ಅದರ ಮುಂದಿನ ವರ್ಷ, 1894ರಲ್ಲಿ, ನಮ್ಮ ಮುಂಬಯಿಯ ಗಿರಗಾಂವಿನಲ್ಲಿ ರಾಜಾ ರವಿವರ್ಮನ ಮುದ್ರಣಾಲಯವು ಜರ್ಮನಿಯ ಯಂತ್ರಗಳೊಡನೆ ತೆರೆಯಿತು. ಅಲ್ಲಿ ಬಣ್ಣವನ್ನು ಒತ್ತಿದ್ದು ಮರದಿಂದಲ್ಲ, ಕಲ್ಲಿನಿಂದ.