ಕಲುಗದ ಉಪಾಧ್ಯಾಯ ತ್ಸಿಯೊಲ್ಕೊವ್‌ಸ್ಕಿ

ರಷ್ಯಾ ದೇಶದಲ್ಲಿ ಓಕಾ ನದಿಯ ದಡದ ಮೇಲೆ ಕಲುಗ ಎಂಬ ಊರಿದೆ. 1892ರಲ್ಲಿ ಗಣಿತದ ಉಪಾಧ್ಯಾಯನೊಬ್ಬನು ಆ ಊರಿಗೆ ವರ್ಗವಾಗಿ ಬಂದನು. ಅವನಿಗೆ ಕಿವಿ ಮಂದವಾಗಿತ್ತು. ತಗಡಿನಿಂದ ತಾನೇ ಮಾಡಿಕೊಂಡ ಉದ್ದನೆಯ ಕೊಳವೆಯನ್ನು ಕಿವಿಗೆ ಹಿಡಿದು ಇತರರ ಮಾತನ್ನು ಆಲಿಸುತ್ತಿದ್ದನು. ಊರಿನ ಅನೇಕರು ಅವನನ್ನು ವಿಚಿತ್ರ ಮನುಷ್ಯನೆಂದೇ ಎಣಿಸಿದ್ದರು. ಭೂಮಿಯನ್ನು ಬಿಟ್ಟು ಹೋಗುವ ವಾಹನಕ್ಕೆ ಎಂತಹ ಇಂಧನ ಬೇಕೆಂಬುದನ್ನು ಗಣಿತದಿಂದ ವಿಚಾರಿಸಿದವರಲ್ಲಿ ಅಗ್ರಗಣ್ಯನಾದ ಕಾನ್‌ಸ್ಟಾಂಟಿನ್ ತ್ಸಿಯೊಲ್ಕೊವ್‌ಸ್ಕಿ ಇವನೇ.

ಇವನು 1857ನೆಯ ಸೆಪ್ಟೆಂಬರ್ 17ರಂದು ರಿಯಾಜಾನ್ ಪ್ರಾಂತದ ಇಜೆವ್‌ಸ್ಕೊಯೆ ಎಂಬ ಗ್ರಾಮದಲ್ಲಿ ಜನಿಸಿದನು. ತಂದೆ ಅರಣ್ಯ ಇಲಾಖೆಯ ನೌಕರ. ಸುಮಾರು ಹತ್ತನೆಯ ವಯಸ್ಸಿನಲ್ಲಿ ಬಂದ ವಿಷಮವಾದ ಜ್ವರವು ಬಾಲಕನ ಶ್ರವಣಶಕ್ತಿಯ ಬಹುಭಾಗವನ್ನು ಕಿತ್ತುಕೊಂಡಿತು. ತರಗತಿಯಲ್ಲಿ ಗುರುಗಳು ಹೇಳುವುದು ಕೇಳಿಸದಾಯಿತು; ಶಾಲೆ ನಿಂತಿತು. ಹದಿಮೂರನೆಯ ವಯಸ್ಸಿನಲ್ಲಿ ತಾಯಿಯೂ ತೀರಿಕೊಂಡಳು. ಅಂದಿನಿಂದ ಅವನಿಗೆ ಪುಸ್ತಕಗಳೇ ಗುರುಗಳಾದವು.

ಮಗನ ಬುದ್ಧಿಯನ್ನು ಗುರುತಿಸಿದ ತಂದೆಯು 1873ರಲ್ಲಿ ಅವನನ್ನು ಮಾಸ್ಕೋ ನಗರಕ್ಕೆ ಕಳುಹಿಸಿದನು. ಹದಿನಾರರ ಹುಡುಗ ಮೂರು ವರ್ಷ ಅಲ್ಲಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಗಣಿತವನ್ನೂ ಭೌತಶಾಸ್ತ್ರವನ್ನೂ ತಾನಾಗಿಯೇ ಕಲಿತನು. ಮನೆಯಿಂದ ಬರುತ್ತಿದ್ದ ಅಲ್ಪ ಹಣದಲ್ಲಿ ಹೆಚ್ಚಿನ ಪಾಲು ಪುಸ್ತಕಕ್ಕೂ ಪ್ರಯೋಗದ ರಸಾಯನಗಳಿಗೂ ಹೋಗುತ್ತಿತ್ತು. ಹೊಟ್ಟೆಗೆ ಕಂದು ರೊಟ್ಟಿ, ನೀರು. ಊರನ್ನು ಬಿಟ್ಟು ಮಹಾನಗರದಲ್ಲಿ ಒಂಟಿಯಾಗಿ ಬಾಳಿದವರಿಗೆ ಈ ಲೆಕ್ಕಾಚಾರ ಅಪರಿಚಿತವಲ್ಲ.

1879ರಲ್ಲಿ ಉಪಾಧ್ಯಾಯರ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮರುವರ್ಷ ಬೊರೊವ್‌ಸ್ಕ್ ಎಂಬ ಚಿಕ್ಕ ಊರಿನಲ್ಲಿ ಕೆಲಸಕ್ಕೆ ಸೇರಿದನು. ವಿವಾಹವೂ ಅಲ್ಲಿಯೇ ಆಯಿತು. ಬಳಿಕ ಕಲುಗಕ್ಕೆ ಬಂದನಷ್ಟೆ. ಹಗಲು ಪಾಠ, ಉಳಿದ ವೇಳೆಯಲ್ಲಿ ರಾಕೆಟ್ಟಿನ ಗಣಿತ.

ಆ ಗಣಿತದ ತಿರುಳನ್ನು ಮೇಲಿನ ತರಗತಿಯವರು ಅರಿಯಬಲ್ಲರು. ರಾಕೆಟ್ಟು ಹಿಂದಕ್ಕೆ ಅನಿಲವನ್ನು ಉಗುಳಿ ತಾನು ಮುಂದಕ್ಕೆ ಸಾಗುತ್ತದೆ. ಅದಕ್ಕೆ ಕೊನೆಯಲ್ಲಿ ದೊರೆಯುವ ವೇಗವು ಎರಡನ್ನು ಅವಲಂಬಿಸಿದೆ: ಅನಿಲವು ಹೊರಹೊಮ್ಮುವ ವೇಗ, ಹಾಗೂ ಇಂಧನ ತುಂಬಿದಾಗಿನ ತೂಕಕ್ಕೂ ಬರಿದಾದಾಗಿನ ತೂಕಕ್ಕೂ ಇರುವ ಪ್ರಮಾಣ. ಭೂಮಿಯನ್ನು ಸುತ್ತಲು ಸೆಕೆಂಡಿಗೆ ಸುಮಾರು 8 ಕಿಲೋಮೀಟರ್ ವೇಗ ಬೇಕು. ಅನಿಲವು ಸೆಕೆಂಡಿಗೆ 1 ಕಿಲೋಮೀಟರ್ ವೇಗದಲ್ಲಿ ಮಾತ್ರ ಹೊಮ್ಮಿದರೆ, ಗಾಳಿಯ ಮತ್ತು ಭೂಮಿಯ ಸೆಳೆತದ ಅಡ್ಡಿಯನ್ನು ಬಿಟ್ಟು ನೋಡಿದರೂ, ತುಂಬಿದ ರಾಕೆಟ್ಟು ಬರಿಯ ರಾಕೆಟ್ಟಿನ ಸುಮಾರು 3,000 ಪಟ್ಟು ತೂಗಬೇಕಾಗುತ್ತದೆ. ಅದೇ ಅನಿಲದ ವೇಗ 4.4 ಕಿಲೋಮೀಟರ್ ಆದರೆ ಆರು ಪಟ್ಟು ಸಾಕು! ಹಬ್ಬದ ಬಾಣದ ಮದ್ದಿನಿಂದ ವ್ಯೋಮಕ್ಕೆ ಹೋಗಲಾಗದೆಂಬುದು ಇದರಿಂದ ಸ್ಪಷ್ಟವಾಯಿತು.

ಆದುದರಿಂದ 1903ರಲ್ಲಿ ರಷ್ಯದ ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಕಟವಾದ ಲೇಖನದಲ್ಲಿ ಅವನು ದ್ರವರೂಪದ ಜಲಜನಕ ಮತ್ತು ಆಮ್ಲಜನಕಗಳನ್ನು ಸೂಚಿಸಿದನು. ಇಂದಿನ ಯಂತ್ರಗಳಲ್ಲಿ ಈ ಜೋಡಿಯಿಂದ ದೊರೆಯುವುದು ಮೇಲೆ ಹೇಳಿದ 4.4 ಕಿಲೋಮೀಟರಿನ ಆಸುಪಾಸಿನ ವೇಗವೇ. ಜಲಜನಕವನ್ನು ದ್ರವಗೊಳಿಸಿದ್ದೇ 1898ರಲ್ಲಿ, ಬ್ರಿಟನ್ನಿನ ಡ್ಯೂಅರ್ ಎಂಬಾತ. ಇನ್ನೂ ಐದು ವರ್ಷ ತುಂಬಿದ್ದ ವಸ್ತುವನ್ನು ಹಳ್ಳಿಗಾಡಿನ ಉಪಾಧ್ಯಾಯನು ನಕ್ಷತ್ರಯಾನಕ್ಕೆ ಬಳಸಹೊರಟನು. ಲೇಖನವನ್ನು ಗಮನಿಸಿದವರು ವಿರಳ. 1908ರಲ್ಲಿ ಓಕಾ ನದಿಯ ಪ್ರವಾಹವು ಮನೆಯೊಳಗೆ ನುಗ್ಗಿ ಅವನ ಕಾಗದಪತ್ರಗಳಿಗೂ ಹಾನಿ ಮಾಡಿತು.

ಜಲಜನಕವು ಆಮ್ಲಜನಕದೊಡನೆ ಉರಿದರೆ ಹುಟ್ಟುವುದು ನೀರಿನ ಆವಿ, ವಿಷವಿಲ್ಲ, ಮಸಿಯಿಲ್ಲ. ಅವನು ಈ ಜೋಡಿಯನ್ನು ಆರಿಸಿದ್ದು ವೇಗಕ್ಕಾಗಿ, ನಿರಪಾಯತೆಗಾಗಿ ಅಲ್ಲವೆಂಬುದನ್ನು ಮರೆಮಾಚಬಾರದು. ಸೊನ್ನೆಗಿಂತ 253 ಡಿಗ್ರಿ ಕೆಳಗಿರುವ ದ್ರವವನ್ನು ಕಾಪಾಡುವ ಕಷ್ಟವನ್ನು ಅವನೇ ಮನಗಂಡು, ಮುಂದೆ ಎಣ್ಣೆಯ ಜಾತಿಯ ಇಂಧನಗಳನ್ನೂ ವಿಚಾರಿಸಿದನು. 1921ರಲ್ಲಿ ಸೋವಿಯತ್ ಸರ್ಕಾರ ಅವನಿಗೆ ವಿಶ್ರಾಂತಿವೇತನವನ್ನು ನೀಡಿತು. ತಾನಾಗಿ ಒಂದು ರಾಕೆಟ್ಟನ್ನೂ ಹಾರಿಸದೆ, 1935ರ ಸೆಪ್ಟೆಂಬರ್ 19ರಂದು ಕಲುಗದಲ್ಲಿಯೇ ನಿಧನ ಹೊಂದಿದನು.

ಅವನ ನಂತರ ಬಂದವರಿಗೆ ಶೀತಲ ದ್ರವಗಳ ಕಾಟ ಬೇಡವಾಯಿತು. ಸಾಧಾರಣ ಉಷ್ಣತೆಯಲ್ಲಿ ತೊಟ್ಟಿಯಲ್ಲಿಯೇ ಉಳಿಯುವ, ಒಂದಕ್ಕೊಂದು ತಾಗಿದೊಡನೆ ಕಿಡಿಯಿಲ್ಲದೆ ಹೊತ್ತಿಕೊಳ್ಳುವ ದ್ರವಗಳು ಯುದ್ಧದ ಕ್ಷಿಪಣಿಗಳಿಗೆ ಅನುಕೂಲವಾಗಿದ್ದವು. ಹೈಡ್ರಜೀನ್ ಕುಲದ ಇಂಧನಗಳೂ ನೈಟ್ರಿಕ್ ಆಮ್ಲ, ನೈಟ್ರೊಜನ್ ಟೆಟ್ರಾಕ್ಸೈಡ್‌ಗಳೂ ಅಂಥವು. ಇವೆಲ್ಲವೂ ಘೋರ ವಿಷಗಳು. 1960ರ ಅಕ್ಟೋಬರ್ 24ರಂದು ಬೈಕನೂರಿನಲ್ಲಿ, ಇಂತಹ ದ್ರವಗಳನ್ನು ತುಂಬಿ ನಿಲ್ಲಿಸಿದ್ದ ಕ್ಷಿಪಣಿಯ ಸುತ್ತ ಜನರು ದುಡಿಯುತ್ತಿರುವಾಗಲೇ ಅದರ ಎರಡನೆಯ ಹಂತ ಹೊತ್ತಿಕೊಂಡಿತು. ಎಪ್ಪತ್ತಕ್ಕೂ ಮಿಕ್ಕಿ ಜನ ಬೆಂಕಿಗೂ ವಿಷಕ್ಕೂ ಬಲಿಯಾದರು. ಈ ಸುದ್ದಿಯನ್ನು ಆ ಸರ್ಕಾರವು 1989ರವರೆಗೆ ತನ್ನ ಜನರಿಗೆ ತಿಳಿಸಲಿಲ್ಲ. 1975ರಲ್ಲಿ ಅಮೆರಿಕದ ಮೂವರು ಯಾತ್ರಿಕರು ಸಾಗರಕ್ಕೆ ಇಳಿಯುತ್ತಿದ್ದಾಗ ನೈಟ್ರೊಜನ್ ಟೆಟ್ರಾಕ್ಸೈಡಿನ ಹೊಗೆ ಅವರ ಕೋಣೆಯೊಳಗೆ ಹೊಕ್ಕಿತು. ಒಬ್ಬನಿಗೆ ಎಚ್ಚರ ತಪ್ಪಿತು. ಮೂವರೂ ಆಸ್ಪತ್ರೆ ಸೇರಿ ಚೇತರಿಸಿಕೊಂಡರು.

ಭಾರವಾದ ರಾಕೆಟ್ಟುಗಳಿಗೆ ಕಲುಗದ ಉಪಾಧ್ಯಾಯನ ಜೋಡಿ ಈಗ ಹೊಸದಲ್ಲ. ಚಂದ್ರಯಾತ್ರಿಕರನ್ನು ಒಯ್ದ ಸ್ಯಾಟರ್ನ್ ರಾಕೆಟ್ಟಿನ ಮೇಲಿನ ಹಂತಗಳಲ್ಲಿ ಅದೇ ಉರಿಯಿತು. ನಮ್ಮ ದೇಶವು ತಾನೇ ನಿರ್ಮಿಸಿದ ಅಂತಹ ಯಂತ್ರವು 2014ರ ಜನವರಿ 5ರಂದು ಯಶಸ್ವಿಯಾಗಿ ಹಾರಿತು. ಆದರೆ ವರ್ಷಗಟ್ಟಲೆ ಆಕಾಶದಲ್ಲಿರುವ ಉಪಗ್ರಹದಲ್ಲಿ ಅಷ್ಟು ಶೀತಲ ದ್ರವವನ್ನು ಉಳಿಸಿಕೊಳ್ಳುವುದು ದುಸ್ಸಾಧ್ಯ. ಅಲ್ಲಿ ಹೈಡ್ರಜೀನೇ ಅರಸು. ಅದನ್ನು ತುಂಬುವ ಕೆಲಸಗಾರರು ಗಾಳಿಯ ಸರಬರಾಜಿರುವ, ಮೈಯೆಲ್ಲ ಮುಚ್ಚುವ ಉಡುಪನ್ನು ಧರಿಸಬೇಕು.

ಆ ಅರಸುತನಕ್ಕೆ ಈಗ ಎದುರಾಳಿಗಳು ಹುಟ್ಟಿದ್ದಾರೆ. ಅಮೋನಿಯಂ ಡೈನೈಟ್ರಮೈಡ್ ಎಂಬ ಲವಣದಿಂದ ಮಾಡಿದ ದ್ರವವನ್ನು ಸ್ವೀಡನ್ನಿನ ಪ್ರಿಸ್ಮಾ ಉಪಗ್ರಹವು 2010ರಲ್ಲಿ ಆಕಾಶದಲ್ಲಿ ಉರಿಸಿ ನೋಡಿತು. 2019ರಲ್ಲಿ ಅಮೆರಿಕವು ಬೇರೊಂದು ಲವಣದ ದ್ರವವನ್ನು ಪರೀಕ್ಷಿಸಿತು. ಇವೇನೂ ಕುಡಿಯುವ ನೀರಲ್ಲ, ಜಾಗರೂಕತೆ ಬೇಕೇ ಬೇಕು. ಆದರೆ ತುಂಬುವವನ ಉಸಿರಿಗೆ ಹೈಡ್ರಜೀನಿನಂತಹ ಗಂಡಾಂತರ ತರುವುದಿಲ್ಲ. 2024ರ ಜನವರಿ 1ರಂದು ಶ್ರೀಹರಿಕೋಟೆಯಿಂದ ಏರಿದ ರಾಕೆಟ್ಟಿನ ಕೊನೆಯ ಹಂತದಲ್ಲಿ, ಬೆಂಗಳೂರಿನ ಬೆಲ್ಲಾಟ್ರಿಕ್ಸ್ ಸಂಸ್ಥೆಯು ನಿರ್ಮಿಸಿದ ಇಂತಹದೊಂದು ಪುಟ್ಟ ಯಂತ್ರವೂ ಪರೀಕ್ಷೆಗಾಗಿ ಪ್ರಯಾಣ ಮಾಡಿತು.